ಅಪ್ಪನ ಬಿಲಿಯರ್ಡ್ಸ್ ಕ್ಯೂ: ಸರಿ ಮಾಡಿಸೋದಾ, ಹಾಗೇ ಬಿಡೋದಾ?

ಬಂಗಾರಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆಯಲ್ಲಿ ಪ್ರೈಮರಿ ಶಾಲೆ ಟೀಚರ್. ನನಗೆ ಸ್ನೂಕರ್ ಆಗಲಿ ಬಿಲಿಯರ್ಡ್ಸ್ ಆಗಲಿ ಆಡಲು ಬರುವುದಿಲ್ಲ. ಆದರೆ ಮನೆಯಲ್ಲಿ ಒಂದು ಹಳೇ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಇದೆ. ಅದನ್ನು ಏನು ಮಾಡಬೇಕು ಅಂತ ಎರಡು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ.

ನಮ್ಮಪ್ಪ ಕೆಜಿಎಫ್‌ನಲ್ಲಿ ಗಣಿ ಅಧಿಕಾರಿಗಳ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಬಿಲಿಯರ್ಡ್ಸ್ ರೂಮಿನ ಕೆಲಸವೆಲ್ಲ ಅವರದ್ದೇ. ಬೋರ್ಡಿನ ಮೇಲೆ ಪಾಯಿಂಟ್ ಸರಿಸುವುದು, ಚೆಂಡು ಎತ್ತಿ ಇಡುವುದು, ಕ್ಯೂಗಳ ತುದಿಗೆ ಚರ್ಮದ ಟಿಪ್ ಅಂಟಿಸುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವುದು. ಇಸ್ತ್ರಿ ಪೆಟ್ಟಿಗೆ ಜಾಸ್ತಿ ಕಾದಿದೆಯಾ ಅಂತ ಮೊದಲು ಹಳೇ ಪೇಪರಿನ ಮೇಲೆ ಇಟ್ಟು ನೋಡುತ್ತಿದ್ದರಂತೆ. ಪೇಪರ್ ಕಂದಿದರೆ ಪೆಟ್ಟಿಗೆ ಆರುವ ತನಕ ತಡೆಯಬೇಕು. ಬಟ್ಟೆಯ ನೂಲು ಯಾವ ಕಡೆ ಮಲಗಿದೆಯೋ ಆ ಕಡೆಗೇ ತಳ್ಳಬೇಕು, ಹಿಂದಕ್ಕೆ ಎಳೆಯುವಂತಿಲ್ಲ. ಮನೆಯಲ್ಲಿ ನಮ್ಮ ಯೂನಿಫಾರ್ಮ್ ಇಸ್ತ್ರಿ ಮಾಡುವಾಗಲೂ ಅಪ್ಪ ಹಾಗೇ ಮಾಡುತ್ತಿದ್ದರು. ಮುಂದಕ್ಕೆ ತಳ್ಳಿ, ಪೆಟ್ಟಿಗೆ ಎತ್ತಿ, ಮತ್ತೆ ಮೊದಲಿಂದ. ಎಲ್ಲರ ಮನೆಯಲ್ಲೂ ಹೀಗೇ ಇಸ್ತ್ರಿ ಮಾಡುತ್ತಾರೆ ಅಂದುಕೊಂಡಿದ್ದೆ. ಮದುವೆಯಾಗಿ ಬಂದ ಮೇಲೇ ನನಗೆ ವ್ಯತ್ಯಾಸ ಗೊತ್ತಾಗಿದ್ದು.

ಸಂಜೆ ಆಟಕ್ಕೆ ಜೊತೆ ಸಿಗದಿದ್ದರೆ ಅಧಿಕಾರಿಗಳು ಮಾರ್ಕರನ್ನೇ ಕರೆದು ಆಡುತ್ತಿದ್ದರು. ಅಪ್ಪ ಕಲಿತಿದ್ದು ಹಾಗೆ. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. ಅದಾದ ಮೇಲೆ ಇಂಗ್ಲೆಂಡಿಗೆ ಹೊರಟ ಒಬ್ಬ ಅಧಿಕಾರಿ ತನ್ನ ಸ್ವಂತ ಕ್ಯೂ ಅಪ್ಪನಿಗೆ ಕೊಟ್ಟು ಹೋದರು. ಅಪ್ಪನಿಗೆ ಆಗ 22 ವರ್ಷ. 1958ರಲ್ಲಿ ಭಾರತದ ವಿಲ್ಸನ್ ಜೋನ್ಸ್ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದಾಗ ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದರು. ಅದು ಈಗಲೂ ಇದೆ, ಬೆಲ್ಲದ ಬಣ್ಣಕ್ಕೆ ತಿರುಗಿದೆ.

ಅಪ್ಪ ಹೋಗಿ ಆರು ವರ್ಷ. ಕ್ಯೂ ಕಬ್ಬಿಣದ ತಗಡಿನ ಉದ್ದ ಕೊಳವೆಯಲ್ಲಿ ಇತ್ತು. ಕೊಳವೆ ತುಕ್ಕು ಹಿಡಿದು ತೂತಾಯಿತು. ಕ್ವಾರ್ಟರ್ಸ್ ಬಿಟ್ಟು ಇಲ್ಲಿಗೆ ಬಂದ ಮೇಲೆ ಕ್ಯೂ ಬಚ್ಚಲು ಮನೆಯ ಮೂಲೆ ಸೇರಿತು, ಹಂಡೆ ಒಲೆಯ ಪಕ್ಕ. ಗೋಡೆಗೆ ಒರಗಿಸಿ ಇಟ್ಟಿದ್ದರು. ಅಣ್ಣನ ಮಕ್ಕಳು ಒಂದು ಬೇಸಿಗೆಯಲ್ಲಿ ಅದರಲ್ಲಿ ಮಾವಿನಕಾಯಿ ಕೆಡವಿದರು. ತುದಿ ಹೋಗಿದ್ದು ಆಗ. ನಾನು ಆ ದಿನ ಮನೆಯಲ್ಲಿ ಇರಲಿಲ್ಲ.

ಈಗಿನ ಸ್ಥಿತಿ ಹೇಳುತ್ತೇನೆ. ಉದ್ದ 56 ಇಂಚು ಚಿಲ್ಲರೆ. ದಿನಸಿ ಅಂಗಡಿ ತಕ್ಕಡಿಯಲ್ಲಿ 446 ಗ್ರಾಂ ಬಂತು. ತುದಿಯ ಟಿಪ್ ಇಲ್ಲ, ಹಿತ್ತಾಳೆ ಉಂಗುರವೂ ಇಲ್ಲ. ತುದಿಯಿಂದ ಮೂರು ಇಂಚು ಉದ್ದಕ್ಕೆ ಒಂದು ಬಿರುಕು ಇದೆ. ಕೆಳಗಡೆ ಕಪ್ಪು ಮರ ನಾಲ್ಕು ಕಡೆಯಿಂದ ಬಿಳಿ ಮರದೊಳಗೆ ನಾಲಿಗೆ ಚಾಚಿದ ಹಾಗೆ ಸೇರಿದೆ. ಅದರಲ್ಲಿ ಒಂದು ನಾಲಿಗೆ ಎದ್ದಿದೆ, ಉಗುರು ತೂರುತ್ತದೆ. ಮೇಜಿನ ಮೇಲೆ ಉರುಳಿಸಿದರೆ ನಡುವೆ ಎರಡು ರೂಪಾಯಿ ನಾಣ್ಯ ತೂರುವಷ್ಟು ಸಂದು ಕಾಣುತ್ತದೆ. ಮೇಲ್ಭಾಗಕ್ಕೆ ಯಾರೋ ಬಾಗಿಲಿಗೆ ಹಚ್ಚುವ ವಾರ್ನಿಶ್ ಬಳಿದಿದ್ದಾರೆ. ಹಿಡಿಯ ಹತ್ತಿರ ಚಪ್ಪಟೆ ಮಾಡಿದ ಜಾಗದಲ್ಲಿ ಒಂದು ಬಿಲ್ಲೆ ಇದೆ. ಬರೋಸ್ ಅಂಡ್ ವಾಟ್ಸ್, ಲಂಡನ್ ಅಂತ ಓದಬಹುದು. ಅದರ ಕೆಳಗೆ ಮರದಲ್ಲೇ 16 ಅಂತ ಒತ್ತಿದ್ದಾರೆ.

ಬೆಂಗಳೂರಿನ ಒಂದು ಅಂಗಡಿಗೆ ತೋರಿಸಿದೆ. ಅವರು ಕೈಗೆ ತಗೊಂಡು ಒಂದು ನಿಮಿಷವೂ ನೋಡಲಿಲ್ಲ. ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ ಅಂದರು. ನನ್ನ ಮಗನಿಗೆ 19 ವರ್ಷ, ಕೋಲಾರದ ಪಾರ್ಲರಿನಲ್ಲಿ ಪೂಲು, ಸ್ನೂಕರು ಎರಡೂ ಆಡುತ್ತಾನೆ. ಅವನಿಗೆ ತಾತನ ಕ್ಯೂ ಮೇಲೆ ತುಂಬಾ ಆಸೆ. ಬಿರುಕು ಬಿಟ್ಟ ಮೂರು ಇಂಚು ಕತ್ತರಿಸಿ, ಮಧ್ಯೆ ಎರಡು ತುಂಡು ಮಾಡಿ ತಿರುಪಿನ ಜಾಯಿಂಟ್ ಹಾಕಿಸೋಣ, ಬ್ಯಾಗಿನಲ್ಲಿ ಹಿಡಿಯುತ್ತೆ ಅಂತ ಹೇಳುತ್ತಿದ್ದಾನೆ. ನನಗೆ ಕತ್ತರಿಸು ಅಂತ ಹೇಳಲು ಬಾಯಿ ಬರುತ್ತಿಲ್ಲ. ಬೇಡ ಅನ್ನಲು ಕಾರಣವೂ ಗೊತ್ತಿಲ್ಲ.

ಇದು ಸರಿ ಮಾಡಿಸಲು ಯೋಗ್ಯವಾ? ಮಾಡಿಸಿದರೆ ಅದರಲ್ಲಿ ಆಡಬಹುದಾ?

ಬಿ.ಎಚ್. ರೋಡ್ ಟೇಬಲ್

ಅಕ್ಕ, ನಮಸ್ಕಾರ. ತುಮಕೂರಿನಲ್ಲಿ ನನ್ನದು ನಾಲ್ಕು ಟೇಬಲ್ಲಿನ ಪಾರ್ಲರ್. ವಾರಕ್ಕೆ ಹತ್ತು ಹದಿನೈದು ಟಿಪ್ ನಾನೇ ಹಾಕುತ್ತೇನೆ.

ಮೊದಲು ಆ 16ರ ವಿಷಯ. ಅದು ತೂಕ. ಹಳೇ ಕ್ಯೂಗಳಲ್ಲಿ ಔನ್ಸ್ ಲೆಕ್ಕದಲ್ಲಿ ಒತ್ತುತ್ತಿದ್ದರು. 16 ಔನ್ಸ್ ಅಂದರೆ ಸುಮಾರು 454 ಗ್ರಾಂ. ನಿಮಗೆ 446 ಬಂದಿದೆ. ಫೆರೂಲು ಅನ್ನುವ ಆ ಹಿತ್ತಾಳೆ ಉಂಗುರ, ಟಿಪ್ಪು, ಅದರ ಜೊತೆ ಹೋದ ಒಂದಿಷ್ಟು ಮರ, ಅಷ್ಟೇ ಕಡಿಮೆ ಆಗಿರುವುದು. ಅಂದರೆ ಇದು ಹುಟ್ಟಿದಾಗ ಹೇಗಿತ್ತೋ ಬಹುಪಾಲು ಹಾಗೇ ಇದೆ. ಬುಡದಲ್ಲಿ ಯಾರೂ ಸೀಸ ತುಂಬಿಲ್ಲ, ಕತ್ತರಿಸಿಲ್ಲ. ಇದು ಒಳ್ಳೆ ಸುದ್ದಿ.

ಬರೋಸ್ ಅಂಡ್ ವಾಟ್ಸ್ ದೊಡ್ಡ ಹೆಸರು. ಲಂಡನ್ನಿನ ಸೋಹೋ ಸ್ಕ್ವೇರಿನಲ್ಲಿ ಇದ್ದವರು, 1836ರಲ್ಲಿ ಶುರು ಮಾಡಿದ್ದು. ಮುಖ್ಯವಾಗಿ ಟೇಬಲ್ ಮಾಡುತ್ತಿದ್ದರು, ಕ್ಯೂಗಳನ್ನೂ ತಮ್ಮ ಬಿಲ್ಲೆ ಹಾಕಿ ಮಾರುತ್ತಿದ್ದರು. ಆದರೆ ಬಿಲ್ಲೆ ನೋಡಿ ಲಕ್ಷಗಟ್ಟಲೆ ಬೆಲೆ ಅಂದುಕೊಳ್ಳಬೇಡಿ. ಇಂಥವು ತುಂಬಾ ತಯಾರಾಗಿವೆ. ಮಾರುವ ಲೆಕ್ಕದಲ್ಲಿ ರಿಪೇರಿ ಖರ್ಚು ವಾಪಸ್ ಬರುವುದು ಕಷ್ಟ. ನೀವು ಮಾರಲು ಕೇಳುತ್ತಿಲ್ಲ ಅಂತ ಗೊತ್ತು. ಆದರೂ ಹೇಳಿಬಿಡುವುದು ಒಳ್ಳೆಯದು.

ಈಗ ಮನೆಯಲ್ಲೇ ಮೂರು ಪರೀಕ್ಷೆ ಮಾಡಿ.

ಕ್ಯೂವನ್ನು ಮೇಲ್ಭಾಗದಲ್ಲಿ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಿಬಿಡಿ. ಇನ್ನೊಂದು ಕೈ ಗೆಣ್ಣಿನಿಂದ ಬುಡಕ್ಕೆ ತಟ್ಟಿ. ಒಳ್ಳೆ ಕ್ಯೂ ಠಣ್ ಅನ್ನುತ್ತೆ. ಒಳಗೆ ಬಿರುಕು ಇದ್ದರೆ, ಅಂಟು ಬಿಟ್ಟಿದ್ದರೆ ಜೀರುಂಡೆ ಹಾಗೆ ಝರ್ ಅನ್ನುತ್ತೆ. ಎದ್ದಿರುವ ಆ ನಾಲಿಗೆಯನ್ನು ಬಿಗಿಯಾಗಿ ಒತ್ತಿ ಹಿಡಿದು ಇನ್ನೊಮ್ಮೆ ತಟ್ಟಿ. ಆಗ ಸದ್ದು ನಿಂತರೆ ತೊಂದರೆ ಅಲ್ಲಿ ಮಾತ್ರ. ನಿಲ್ಲದಿದ್ದರೆ ಬೇರೆ ಕಡೆಯೂ ಇದೆ.

ಎರಡನೇದು ಬಿರುಕು. ಅದು ಮರದ ಎಳೆಯ ಜೊತೆ ಉದ್ದಕ್ಕೆ ಹೋಗಿದೆಯಾ, ಎಳೆಯನ್ನು ಅಡ್ಡ ಕತ್ತರಿಸಿದೆಯಾ ನೋಡಿ. ಉದ್ದಕ್ಕಿದ್ದರೆ ಅಂಟು ಹಿಡಿಯುತ್ತೆ. ಅಡ್ಡ ಇದ್ದರೆ ಅದು ಮುರಿದ ಮರ, ನೂರು ಹೊಡೆತದಲ್ಲಿ ಒಂದು ದಿನ ಕೈ ಕೊಡುತ್ತೆ.

ಮೂರನೇದು ಬಾಗು. ಉರುಳಿಸುವುದಕ್ಕಿಂತ ಬಂದೂಕಿನ ನಳಿಗೆ ನೋಡುವ ಹಾಗೆ ಬುಡದಿಂದ ತುದಿಗೆ ಕಣ್ಣು ಹಾಯಿಸಿ, ನಿಧಾನ ತಿರುಗಿಸಿ. ಬಾಗು ಹಿಡಿ ಕಡೆ ಇದ್ದರೆ ಚಿಂತೆ ಇಲ್ಲ. ತುದಿಯ ಒಂದು ಅಡಿಯೊಳಗೆ ಇದ್ದರೆ ಗುರಿ ಹಿಡಿಯುವಾಗ ಕಣ್ಣಿಗೆ ಹೊಡೆಯುತ್ತೆ.

ನನ್ನ ಅಭಿಪ್ರಾಯ ಕೇಳಿದರೆ ತುದಿ ಕತ್ತರಿಸುವುದು ತಪ್ಪೇನಲ್ಲ. ಸ್ನೂಕರ್ ನಿಯಮದಲ್ಲಿ ಕ್ಯೂ ಮೂರು ಅಡಿಗಿಂತ ಕಮ್ಮಿ ಇರಬಾರದು ಅಂತ ಮಾತ್ರ ಇದೆ. 53 ಇಂಚು ಆದರೂ ಆಡಬಹುದು, ಹಿಂದೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಹಾಕಬಹುದು. ತುದಿ ಸ್ವಲ್ಪ ದಪ್ಪ ಆಗುತ್ತೆ. ಸಾಮಾನ್ಯವಾಗಿ ಸ್ನೂಕರ್ ಟಿಪ್ 9ರಿಂದ 10 ಮಿಲಿಮೀಟರ್. ಇದು 11 ದಾಟಬಹುದು. ಕೆಳಗೆ ಉಜ್ಜಿ ಸಣ್ಣ ಮಾಡಬಹುದು.

ಮಧ್ಯೆ ಜಾಯಿಂಟ್ ಮಾತ್ರ ಬೇಡ. ಎಲ್ಲೂ ಬಿಚ್ಚದ ಹಾಗೆ ಒಂದೇ ಕೋಲಾಗಿ ಮಾಡಿದ ಕ್ಯೂ ಅದು. ಹುಡುಗನಿಗೆ ಹೇಳಿ, ಬ್ಯಾಗ್ ಉದ್ದದ್ದು ಸಿಗುತ್ತೆ.

ಚಿಂತಾಮಣಿ ಬಡಗಿ

ಮೇಡಂ, ನನಗೆ ಆಟ ಗೊತ್ತಿಲ್ಲ, ಮರ ಗೊತ್ತು. ಮೂವತ್ತು ವರ್ಷದಿಂದ ಬಡಗಿ ಕೆಲಸ. ಹಳೇ ಬೀಟೆ ಕುರ್ಚಿ, ಹಾರ್ಮೋನಿಯಂ ಪೆಟ್ಟಿಗೆ, ವೀಣೆ ಬುರುಡೆ ಎಲ್ಲ ರಿಪೇರಿ ಮಾಡಿದ್ದೇನೆ. ಕ್ಯೂ ಎರಡು ಮಾಡಿದ್ದೇನೆ. ಮೇಲಿನವರು ಹೇಳಿದ ಪರೀಕ್ಷೆ ಸರಿ. ಕತ್ತರಿಸುವ ಮಾತು ಮಾತ್ರ ನಾನು ಒಪ್ಪುವುದಿಲ್ಲ.

ನೀವು ನಾಲಿಗೆ ಅಂದಿದ್ದನ್ನು ನೋಡಿ. ಅದರ ತುದಿ ದುಂಡಗಿದೆಯಾ, ಚೂಪಾಗಿದೆಯಾ? ಚೂಪಾದ ವಿ ಆಕಾರ ಇದ್ದು ನಾಲ್ಕೂ ಅಚ್ಚಿನಲ್ಲಿ ಹೊಯ್ದ ಹಾಗೆ ಇದ್ದರೆ ಮಿಷನ್ ಕೆಲಸ. ದುಂಡಗಿದ್ದರೆ ಕೈ ಕೆಲಸ. ಬಿಳಿ ಮರವನ್ನು ಇಳಿಜಾರಾಗಿ ಹೆರೆದು, ಅದರ ಮೇಲೆ ಕರಿಮರದ ಹೋಳು ಅಂಟಿಸಿ, ಆಮೇಲೆ ಕೈ ಹತ್ತರಿಯಲ್ಲಿ ಗುಂಡಗೆ ತರುತ್ತಾರೆ. ಗುಂಡಗೆ ತರುವಾಗ ಆ ಹೋಳಿನ ತುದಿ ತಾನಾಗಿ ಕಮಾನಿನ ಹಾಗೆ ಬರುತ್ತೆ. ಒಂದೊಂದು ಹೋಳೂ ಬೇರೆ ಬೇರೆ ಅಂಟಿಸಿರುವುದರಿಂದ ಒಂದು ಎದ್ದರೆ ಉಳಿದ ಮೂರಕ್ಕೆ ಏನೂ ಆಗಿರುವುದಿಲ್ಲ. ಅದೊಂದನ್ನೇ ಸರಿ ಮಾಡಬಹುದು. ಕಷ್ಟದ ಕೆಲಸ ಅಲ್ಲ.

ಆದರೆ ಅಂಟು ಯಾವುದು ಅನ್ನುವುದು ಮುಖ್ಯ. ಆ ಕಾಲದಲ್ಲಿ ಮರವಜ್ರ ಹಾಕುತ್ತಿದ್ದರು, ಚರ್ಮ ಮೂಳೆ ಕುದಿಸಿ ಮಾಡುವ ಗೋಂದು. ನಮ್ಮಪ್ಪ ಸಣ್ಣ ಡಬ್ಬಿಯಲ್ಲಿ ಹಾಕಿ ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸುತ್ತಿದ್ದರು, ಬೀದಿ ಪೂರ್ತಿ ವಾಸನೆ. ಅದು ಒಣ ಬಿಸಿಗೆ ಒಡೆಯುತ್ತೆ, ಒದ್ದೆ ಬಿಸಿಗೆ ಕರಗುತ್ತೆ. ನಿಮ್ಮ ಕ್ಯೂ ಹಂಡೆ ಒಲೆ ಪಕ್ಕ ನಿಂತಿತ್ತು. ಬೆಳಗ್ಗೆ ಬಿಸಿ, ಹಬೆ, ಮಧ್ಯಾಹ್ನ ಒಣ. ದಿನಾ ಹೀಗೇ. ಎದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ಮೂರು ಇನ್ನೂ ಹಿಡಿದಿವೆಯಲ್ಲ, ಅದು ಆ ಕೆಲಸಗಾರನ ಕೈಗುಣ.

ಹಳೇ ಮರವಜ್ರದ ಮೇಲೆ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಅಂತೂ ಹತ್ತಿರ ತರಬೇಡಿ. ಅದು ಮರದೊಳಗೆ ಇಳಿದು ಗಾಜಿನ ಹಾಗೆ ಗಟ್ಟಿಯಾಗುತ್ತೆ, ಮುಂದೆ ಯಾರೂ ಬಿಚ್ಚಲು ಆಗುವುದಿಲ್ಲ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಳೇ ಅಂಟನ್ನು ಒರೆಸಿ ತೆಗೆಯಬೇಕು, ಒಂದೆರಡು ದಿನ ಒಣಗಲು ಬಿಡಬೇಕು. ಆಮೇಲೆ ಮತ್ತೆ ಮರವಜ್ರವನ್ನೇ ಹಾಕಬೇಕು. ಸೈಕಲ್ ಟ್ಯೂಬನ್ನು ಒಂದು ಬೆರಳಗಲ ಪಟ್ಟಿ ಕತ್ತರಿಸಿ ಎಳೆದು ಎಳೆದು ಸುತ್ತಿ ಒಂದು ದಿನ ಪೂರ್ತಿ ಬಿಡಬೇಕು. ಗುಂಡಗಿನ ಮರವನ್ನು ಒತ್ತಿ ಹಿಡಿಯಲು ಅದಕ್ಕಿಂತ ಒಳ್ಳೆ ಶಿಕಂಜೆ ಇಲ್ಲ. ಎಲ್ಲ ಕಡೆ ಸಮನಾಗಿ ಒತ್ತುತ್ತೆ, ಗಾಯ ಮಾಡುವುದಿಲ್ಲ.

ತುದಿಯ ಬಿರುಕೂ ಉದ್ದಕ್ಕಿದ್ದರೆ ಹಾಗೇ. ನೀವು ಹೇಳಿದ ಬಿಳಿ ಮರ ಆಶ್ ಇರಬೇಕು, ಅದರ ಎಳೆ ಉದ್ದ. ಬಿರುಕು ಎಳೆಯ ಜೊತೆ ಹೋಗಿದ್ದರೆ ಅಂಟಿಸಿದ ಮೇಲೆ ಮೊದಲಿನಷ್ಟೇ ಗಟ್ಟಿ ಬರುತ್ತೆ. ಅದರ ಮೇಲೆ ಹಿತ್ತಾಳೆ ಉಂಗುರ ಬಂದರೆ ತುದಿ ಮತ್ತೆ ಬಾಯಿ ಬಿಡುವುದಿಲ್ಲ. ಅಡ್ಡ ಬಿರುಕು ಆಗಿದ್ದರೆ ಕಸಿ ಹಾಕೋಣ. ನೀವು ಮಾವಿನ ಸೀಮೆಯವರು, ಕಸಿ ನೋಡಿರುತ್ತೀರಿ. ಎರಡು ಕಡ್ಡಿಯನ್ನು ಉದ್ದಕ್ಕೆ ಓರೆ ಕೊಯ್ದು ಸೇರಿಸುತ್ತಾರಲ್ಲ, ಅದೇ. ಓರೆ ಉದ್ದ ಇದ್ದಷ್ಟೂ ಹಿಡಿತ ಜಾಸ್ತಿ. ಅರ್ಧ ಇಂಚು ದಪ್ಪದ ಕೋಲಿಗೆ ಐದಾರು ಇಂಚು ಓರೆ ಬೇಕು. ಆಶ್ ನಮ್ಮ ಕಡೆ ಬೆಳೆಯುವ ಮರ ಅಲ್ಲ. ಪಾರ್ಲರಿನಲ್ಲಿ ಮುರಿದ ಹಳೇ ಕ್ಯೂ ಬಿದ್ದಿರುತ್ತೆ, ಅದರಿಂದ ತೆಗೆಯಬಹುದು.

ವಾರ್ನಿಶ್ ಬಗ್ಗೆ ಒಂದು ಮಾತು. ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ, ಕಾಣದ ಜಾಗದಲ್ಲಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಹಳೇದು, ಅದನ್ನು ಮುಟ್ಟಬೇಡಿ. ಏನೂ ಆಗದಿದ್ದರೆ ಅದು ಆಮೇಲೆ ಬಳಿದ ವಾರ್ನಿಶ್. ಅದನ್ನು ತೆಗೆಯಬಹುದು. ಆದರೆ ಒರಟು ಉಪ್ಪು ಕಾಗದ ಹಾಕಿ ಉಜ್ಜಬೇಡಿ. ಉಜ್ಜಿದಷ್ಟೂ ಮರ ಹೋಗುತ್ತೆ, ಹೋದ ಮರ ಬರುವುದಿಲ್ಲ.

ಊರ್ಗಾಂ ಹಳಬ

ಅಮ್ಮಾ, ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಚಾಂಪಿಯನ್ ರೀಫ್‌ನಲ್ಲಿ ಎಲೆಕ್ಟ್ರಿಕಲ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ಇದ್ದೆ. ಈಗ ಮಗಳ ಮನೆಯಲ್ಲಿ, ಬೆಂಗಳೂರಲ್ಲಿ.

ಮಾರ್ಕರ್ ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಬರೀ ಪಾಯಿಂಟ್ ಬರೆಯುವವನು ಅಂದುಕೊಳ್ಳುತ್ತಾರೆ. ರೆಫರಿ ಅವನೇ, ಗುರು ಅವನೇ. ಹೊಡೆದ ಚೆಂಡು ಉಳಿದೆರಡಕ್ಕೂ ತಾಗಿ ಕ್ಯಾನನ್ ಆಯಿತಾ ಇಲ್ಲವಾ ಅಂತ ಮಾರ್ಕರ್ ಹೇಳಿದ್ದೇ ಕೊನೆ ಮಾತು, ಎದುರಿಗೆ ಸೂಪರಿಂಟೆಂಡೆಂಟ್ ಇದ್ದರೂ ಅಷ್ಟೇ. ಗಣಿಯ ಆಳದಲ್ಲಿ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದರೆ ನಮ್ಮ ಮನೆ ಪಾತ್ರೆ ಗಲಗಲ ಅನ್ನುತ್ತಿತ್ತಲ್ಲ, ಅಲ್ಲಿ ಮೇಜಿನ ಮೇಲೆ ಚೆಂಡು ತಾನಾಗಿ ಅಲುಗುತ್ತಿತ್ತು. ಕೆಳಗೆ ದಪ್ಪ ಸ್ಲೇಟ್ ಕಲ್ಲು, ಆದರೂ ಅಲುಗುತ್ತಿತ್ತು. ಆಗ ಮಾರ್ಕರ್ ಬಂದು ಚೆಂಡು ಮೊದಲಿದ್ದ ಜಾಗಕ್ಕೆ ಇಡುತ್ತಿದ್ದ. ಎಲ್ಲಿತ್ತು ಅಂತ ಅವನಿಗೆ ನೆನಪಿರುತ್ತಿತ್ತು. ಯಾರೂ ಎದುರು ಮಾತಾಡುತ್ತಿರಲಿಲ್ಲ.

ನನ್ನದು ಒಂದೇ ಕೋರಿಕೆ. ಹಿಡಿಯ ಭಾಗವನ್ನು ಹೊಸದು ಮಾಡಿಸಬೇಡಿ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಮನೆಯಲ್ಲಿ ಇಂಥದೇ ಕ್ಯೂ ಇತ್ತು. ಮಗ ಪಾಲಿಶ್ ಅಂಗಡಿಗೆ ಕೊಟ್ಟ. ಬಿಲ್ಲೆ ಬಿಚ್ಚಿ ಬಫ್ ಹಾಕಿದರು, ಅಕ್ಷರ ಅಳಿಸಿಹೋಯಿತು. ಹಿಡಿ ಉಜ್ಜಿ ಹೊಳೆಯುವ ಲ್ಯಾಕರ್ ಹೊಡೆದರು. ಮೂವತ್ತು ವರ್ಷ ಅವರ ಅಂಗೈ ಬೆವರು ಕುಡಿದ ಮರ ಅದು. ಅವರು ಒಂದು ಸಲ ಕೈಗೆ ತಗೊಂಡರು, ಗೋಡೆಗೆ ವಾಪಸ್ ಇಟ್ಟರು. ಮತ್ತೆ ಮುಟ್ಟಲಿಲ್ಲ.

ಬಿಲ್ಲೆಯ ಚಪ್ಪಟೆ ಜಾಗದ ಅಂಚನ್ನು ಬೆರಳಿನಿಂದ ಸವರಿ ನೋಡಿ. ಎರಡು ಕಡೆ ಅಂಚು ಒಂದೇ ರೀತಿ ಇದೆಯಾ? ಆಟಗಾರರು ಬಿಲ್ಲೆ ಯಾವಾಗಲೂ ಒಂದೇ ಕಡೆ ಬರುವ ಹಾಗೆ ಹಿಡಿಯುತ್ತಾರೆ. ಹೆಬ್ಬೆರಳು ತಾಗುವ ಕಡೆ ಸವೆದಿರಬೇಕು.

ನನ್ನ ಮಟ್ಟಿಗೆ ಅದನ್ನು ಏನೂ ಮಾಡದೆ, ಮಂಚದ ಕೆಳಗೆ ನೆಟ್ಟಗೆ ಮಲಗಿಸಿ ಇಟ್ಟರೂ ಸಾಕು.

ಕರಿ ಚೆಂಡು 7

ಮೇಡಂ, ನಾನು ಕೋಲಾರದವನು, ಬೆಂಗಳೂರಲ್ಲಿ ಓದುತ್ತಾ ಸ್ನೂಕರ್ ಆಡುತ್ತೇನೆ. ಆಟದ ಕಡೆಯಿಂದ ಮಾತ್ರ ಹೇಳುತ್ತೇನೆ.

ನಿಮ್ಮ ಮಗ ಇದರಲ್ಲಿ ಪೂಲ್ ಆಡಬಾರದು. ಪೂಲ್ ಚೆಂಡು ದೊಡ್ಡದು, 57 ಮಿಲಿಮೀಟರ್ ಇರುತ್ತೆ, ತೂಕವೂ ಜಾಸ್ತಿ. ಸ್ನೂಕರ್, ಬಿಲಿಯರ್ಡ್ಸ್ ಚೆಂಡು 52.5. ಪೂಲ್ ಕ್ಯೂ ತುದಿ 12-13 ಮಿಲಿಮೀಟರ್ ಇರುವುದು ಸುಮ್ನೆ ಅಲ್ಲ. ಈ ಹಳೇ ಆಶ್ ಕ್ಯೂನಲ್ಲಿ ಒಂದು ಬ್ರೇಕ್, ಅಂದರೆ ಗುಂಪು ಚೆಂಡು ಚದುರಿಸುವ ಮೊದಲ ಹೊಡೆತ, ಜೋರಾಗಿ ಹೊಡೆದರೆ ಅಂಟಿಸಿದ ತುದಿ ಮತ್ತೆ ಬಿಡುತ್ತೆ.

16 ಔನ್ಸ್ ಈಗಿನ ಸ್ನೂಕರಿಗೆ ಸ್ವಲ್ಪ ಹಗುರ. ಈಗ ಹೆಚ್ಚಿನವರು 17-18 ಔನ್ಸ್ ಹಿಡಿಯುತ್ತಾರೆ. ಬಿಲಿಯರ್ಡ್ಸಿಗೆ ಹಗುರ ಕ್ಯೂ ಒಳ್ಳೆಯದೇ. ಕೆಂಪು ಚೆಂಡಿನ ಪಕ್ಕ ನಿಂತು ಸಣ್ಣ ಸಣ್ಣ ಕ್ಯಾನನ್ ಮಾಡುವಾಗ ಕೈಯಲ್ಲಿ ಭಾರ ಇರಬಾರದು. ನಮ್ಮ ವಯಸ್ಸಿನವರು ಬಿಲಿಯರ್ಡ್ಸ್ ಆಡುವುದೇ ಇಲ್ಲ, ನಿಧಾನ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಎರಡೂ ಆಟದಲ್ಲಿ ವಿಶ್ವ ಚಾಂಪಿಯನ್. ಬಿಲಿಯರ್ಡ್ಸ್ ಕಲಿತರೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಒಂದು ವರ್ಷ ಆಡಿದ ಮೇಲೆ ನನ್ನ ಸ್ನೂಕರ್ ಸುಧಾರಿಸಿತು.

ಮಗನಿಗೆ ದಿನಾ ಆಡಲು ಒಂದು ಸಾಧಾರಣ ಹೊಸ ಕ್ಯೂ ಕೊಡಿಸಿ. ಜಾಯಿಂಟ್ ಇರುವುದು, ಬ್ಯಾಗಿನಲ್ಲಿ ಹಿಡಿಯುವುದು. ತಾತನ ಕ್ಯೂನಲ್ಲಿ ಬಿಲಿಯರ್ಡ್ಸ್ ಆಡಲಿ.

ಬಂಗಾರಪೇಟೆ ಟೀಚರ್

ಎಲ್ಲರಿಗೂ ಕೈಮುಗಿಯುತ್ತೇನೆ. ಭಾನುವಾರ ಮಗನನ್ನು ಕೂರಿಸಿಕೊಂಡು ಎಲ್ಲ ಪರೀಕ್ಷೆ ಮಾಡಿದೆವು. ಏನು ಕಂಡಿತು ಅಂತ ಬರೆಯುತ್ತೇನೆ.

ತಟ್ಟಿದಾಗ ಝರ್ ಅನ್ನಿಸಿತು. ಮಗ ಎದ್ದಿದ್ದ ನಾಲಿಗೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದ, ನಾನು ತಟ್ಟಿದೆ. ಸದ್ದು ನಿಂತಿತು. ಮೂರು ಸಲ ಮಾಡಿದೆವು, ಮೂರು ಸಲವೂ ನಿಂತಿತು. ನಾಲಿಗೆಗಳ ತುದಿ ದುಂಡಗಿದೆ. ಬಡಗಿ ಅಣ್ಣ, ಒಂದು ಇನ್ನೊಂದರ ಹಾಗಿಲ್ಲ. ಒಂದು ಸ್ವಲ್ಪ ಉದ್ದ, ಒಂದು ಗಿಡ್ಡ. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಬಿರುಕನ್ನು ಶಾಲೆಯ ಭೂತಗನ್ನಡಿ ತಂದು ನೋಡಿದೆ. ಎಳೆಯ ಜೊತೆಗೇ ಹೋಗಿದೆ. ಕೊನೆಯಲ್ಲಿ ಕಾಲು ಇಂಚು ಮಾತ್ರ ಪಕ್ಕದ ಎಳೆಗೆ ಹಾರಿದೆ.

ಬಾಗು ನಡುವಿಗಿಂತ ಕೆಳಗಿದೆ, ಹಿಡಿ ಕಡೆ. ತುದಿಯ ಎರಡು ಅಡಿ ನೆಟ್ಟಗಿದೆ ಅಂತ ಮಗ ಹೇಳಿದ. ಸ್ಪಿರಿಟ್ ಹಚ್ಚಿದಾಗ ಮೇಲೆ ಏನೂ ಆಗಲಿಲ್ಲ, ಹಿಡಿ ಹತ್ತಿರ ಅಂಟಂಟಾಯಿತು. ತಕ್ಷಣ ನಿಲ್ಲಿಸಿದೆ.

ಸಾರ್, ಬಿಲ್ಲೆಯ ಅಂಚು ನೀವು ಹೇಳಿದ ಹಾಗೇ ಇದೆ. ಎಡಗಡೆ ಚೂಪು. ಬಲಗಡೆ ಅಂಚೇ ಇಲ್ಲ, ನುಣ್ಣಗೆ ಇಳಿದಿದೆ. ನಾನು ಅಲ್ಲಿ ಬೆರಳಿಟ್ಟೆ, ಆಮೇಲೆ ಮಗನ ಕೈಗೆ ಕೊಟ್ಟೆ. ಅವನ ಹೆಬ್ಬೆರಳು ಅಲ್ಲಿಗೆ ಸರಿಯಾಗಿ ಹೋಗಿ ಕೂತಿತು. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಕತ್ತರಿಸುವ ವಿಷಯ ಅವನಾಗಿ ಬಿಟ್ಟ.

ನೀವು ಹಾಗೇ ಮಲಗಿಸಿಡಿ ಅಂದಿದ್ದೀರಿ. ಆ ಮಾತಿನ ಬಗ್ಗೆ ಎರಡು ದಿನ ಯೋಚಿಸಿದೆ. ಆದರೆ ಅಪ್ಪ ಟಿಪ್ ಇಲ್ಲದ ಕ್ಯೂವನ್ನು ರ್‍ಯಾಕಿನಲ್ಲಿ ಬಿಡುತ್ತಿರಲಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಅಂಟಿಸಿ, ದಾರ ಸುತ್ತಿ ಇಟ್ಟು ಬರುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಹಾಗಾಗಿ ಟಿಪ್ ಹಾಕಿಸುತ್ತೇನೆ. ಎದ್ದ ನಾಲಿಗೆ ಅಂಟಿಸುವುದು, ಬಿರುಕು ಅಂಟಿಸುವುದು, ಫೆರೂಲ್, ಟಿಪ್. ಇಷ್ಟೇ. ಕತ್ತರಿಸುವುದಿಲ್ಲ, ಜಾಯಿಂಟ್ ಇಲ್ಲ, ಹಿಡಿ ಮುಟ್ಟುವುದಿಲ್ಲ, ಬಿಲ್ಲೆ ಬಿಚ್ಚುವುದಿಲ್ಲ. ಬಾಗು ಹಾಗೇ ಇರಲಿ. ಅಂಟು ಹಿಡಿಯದಿದ್ದರೆ ಆಗ ಕಸಿಯ ವಿಷಯ ನೋಡೋಣ.

ಮಗನಿಗೆ ಪೂಲ್ ಆಡಲು ಬೇರೆ ಕ್ಯೂ ಕೊಡಿಸುತ್ತೇನೆ. ಈಗಲ್ಲ, ಸಂಬಳ ಆದ ಮೇಲೆ.

ಬಡಗಿ ಅಣ್ಣ, ಚಿಂತಾಮಣಿಗೆ ತಂದರೆ ನೀವು ನೋಡುತ್ತೀರಾ? ಎಷ್ಟು ದಿನ ಬೇಕು? ವಾರ್ನಿಶ್ ತೆಗೆದ ಮೇಲೆ ಮರಕ್ಕೆ ಏನು ಹಚ್ಚಬೇಕು?

ಚಿಂತಾಮಣಿ ಬಡಗಿ

ತನ್ನಿ ಮೇಡಂ. ಹತ್ತು ದಿನ ನನ್ನ ಹತ್ತಿರ ಇರಲಿ. ಕೆಲಸ ಎರಡು ದಿನದ್ದೇ, ಒಣಗುವುದಕ್ಕೆ ಉಳಿದ ದಿನ ಬೇಕು. ಪಕ್ಕದ ಎಳೆಗೆ ಹಾರಿದ ಕಾಲು ಇಂಚು ಅಂದಿರಲ್ಲ, ಅಲ್ಲಿ ಮಾತ್ರ ಹುಷಾರಾಗಿರಬೇಕು. ಬಿರುಕನ್ನು ಜಾಸ್ತಿ ಬಾಯಿ ತೆರೆಸದೆ ತೆಳ್ಳಗಿನ ಅಂಟು ಇಳಿಸುತ್ತೇನೆ.

ವಾರ್ನಿಶ್ ತೆಗೆದ ಮೇಲೆ ಅಗಸೆ ಎಣ್ಣೆ. ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಕೈ ಬಿಸಿಯಾಗುವ ತನಕ ತಿಕ್ಕಿ, ಉಳಿದಿದ್ದನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು. ಒಂದು ದಿನ ಬಿಟ್ಟು ಮತ್ತೆ. ಮೂರು ನಾಲ್ಕು ಸಲ ಸಾಕು. ಅಂಟಿಸಿದ ಕೆಲಸ ಪೂರ್ತಿ ಒಣಗುವ ಮುಂಚೆ ಎಣ್ಣೆ ಬೇಡ. ಇನ್ನೊಂದು ಮುಖ್ಯ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆ ಬಟ್ಟೆ ತಾನಾಗಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಗಾಳಿಗೆ ಹರವಿ, ಇಲ್ಲ ನೀರಿನಲ್ಲಿ ನೆನೆಸಿ ಎಸೆಯಿರಿ.

ಬಿ.ಎಚ್. ರೋಡ್ ಟೇಬಲ್

ಅಕ್ಕ, ನಾನು ಕತ್ತರಿಸಿ ಅಂದಿದ್ದು ವಾಪಸ್ ತಗೊಳ್ಳುತ್ತೇನೆ. ಉದ್ದದ ಬಿರುಕು ಅಂದ ಮೇಲೆ ಬಡಗಿ ಅಣ್ಣ ಹೇಳಿದ್ದೇ ಸರಿ.

ಬಡಗಿ ಅಣ್ಣ, ಅಂಟು ಒಣಗಿದ ಮೇಲೆ ತುದಿಯ ಅಳತೆ ಹೇಳಿ. ನನ್ನ ಹತ್ತಿರ 10 ಮಿಲಿಮೀಟರಿನ ಹಿತ್ತಾಳೆ ಫೆರೂಲ್ ಇವೆ. ಸಾಲದಿದ್ದರೆ ಲೇತ್‌ನಲ್ಲಿ ಒಂದು ಕಟ್ ಮಾಡಿಸುತ್ತೇನೆ. ಫೆರೂಲ್ ಬಡಿದು ಕೂರಿಸಬೇಡಿ, ಮರ ಉಜ್ಜಿ ಅಳತೆಗೆ ತಂದು ಕೈಯಲ್ಲಿ ಒತ್ತಿದರೆ ಹೋಗುವ ಹಾಗೆ ಇರಬೇಕು. ಬಡಿದರೆ ಅದೇ ಬಿರುಕು ಮತ್ತೆ ತೆರೆಯುತ್ತೆ. ಟಿಪ್ ಮೃದು ಚರ್ಮದ್ದು ಹಾಕೋಣ, ಹಳೇ ಮರಕ್ಕೆ ಹೊಡೆತ ಕಮ್ಮಿ ತಾಗುತ್ತೆ. ಟಿಪ್ಪಿಗೂ ಫೆರೂಲಿಗೂ ನಾನು ದುಡ್ಡು ತಗೊಳ್ಳುವುದಿಲ್ಲ. ಮಾರ್ಕರ್ ಕ್ಯೂ ಅದು.

ಬಂಗಾರಪೇಟೆ ಟೀಚರ್

ಮುಂದಿನ ಎರಡನೇ ಶನಿವಾರ ಬರುತ್ತೇವೆ. ಮಗ ಪ್ಲಂಬಿಂಗ್ ಅಂಗಡಿಯಿಂದ ಐದು ಅಡಿ ಪಿವಿಸಿ ಪೈಪ್, ಎರಡು ಮುಚ್ಚಳ ತಂದಿದ್ದಾನೆ. ಕೋಲಾರದಲ್ಲಿ ಬಸ್ ಬದಲಿಸಬೇಕು. ಬೆಳಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇವೆ, ಸೀಟು ಖಾಲಿ ಇರುತ್ತೆ.

ಚಿಂತಾಮಣಿ ಬಡಗಿ

ಪೈಪಿನೊಳಗೆ ಹಳೇ ಕಾಟನ್ ಸೀರೆ ಸುತ್ತಿ ಇಡಿ, ಅಲುಗಾಡಬಾರದು. ಎದ್ದಿರುವ ಹೋಳಿನ ಮೇಲೆ ನೂಲು ದಾರ ಸುತ್ತಿ, ಸೆಲ್ಲೋ ಟೇಪ್ ಬೇಡ, ಅರಗು ಕಿತ್ತು ಬರುತ್ತೆ. ಬಸ್ಸಿನಲ್ಲಿ ಎಂಜಿನ್ ಪಕ್ಕ ಕೂರಬೇಡಿ, ಅಲ್ಲಿ ಕಾವು ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಮೆಸೇಜ್ ಹಾಕಿ, ನಾನೇ ಬರುತ್ತೇನೆ.